ಇಕ್ಕಟ್ಟಾದ ಪ್ಯಾಸೇಜಿನಲ್ಲಿ ಇಂಬು

ಹಿಂದಿನ ಮಣ್ಣಿನ ಮನೆಗಳ ದಪ್ಪ ಗೋಡೆಗಳಲ್ಲಿ ದೀಪಕ್ಕೊಂದು, ಪಂಚಾಂಗಕ್ಕೊಂದು ಎಂದು ಗೂಡುಗಳನ್ನು ಬಿಡುವ ಸೌಕರ್ಯವಿದ್ದಿತು. ಇಂದಿನ ಫ್ಲಾಟಿನಲ್ಲಿಯಾದರೋ, 3 ಅಡಿ ಅಗಲದ ಪ್ಯಾಸೇಜಿನ ತೆಳುಗೋಡೆಗೆ ಆ ಔದಾರ್ಯವೆಲ್ಲಿಯದು?

ಆದಕಾರಣ ದೃಷ್ಟಿಯನ್ನು ಮೊದಲು ಮೇಲಕ್ಕೆತ್ತಬೇಕು. ನೆಲದಿಂದ 7 ಅಡಿ ಎತ್ತರದಲ್ಲಿ, ಬಾಗಿಲಿನ ಚೌಕಟ್ಟಿಗಿಂತ ಮೇಲೆ, ಪ್ಯಾಸೇಜಿನ ಉದ್ದಕ್ಕೂ ಅಟ್ಟವೊಂದನ್ನು ಕಟ್ಟಿಸಿದರೆ, ವರ್ಷಕ್ಕೊಮ್ಮೆ ಇಳಿಯುವ ದಸರೆಯ ಗೊಂಬೆಗಳೂ, ಹಬ್ಬದಡುಗೆಯ ದೊಡ್ಡ ಪಾತ್ರೆಗಳೂ, ಪ್ರಯಾಣದ ಪೆಟ್ಟಿಗೆಗಳೂ ಅಲ್ಲಿ ನಿರಾತಂಕವಾಗಿ ವಿಶ್ರಮಿಸುವುವು.

ಕೆಳಗಿನ ಕಪಾಟಿನ ಆಳ 6 ಅಂಗುಲವನ್ನು ಮೀರದಿರಲಿ. ಆಗ ನಡೆದಾಡುವುದಕ್ಕೆ ಎರಡೂವರೆ ಅಡಿ ಉಳಿಯುವುದು. ಸಣ್ಣ ಆಕಾರದ ಪುಸ್ತಕಗಳಿಗೂ, ಬೀಗದ ಕೈಗಳಿಗೂ, ಔಷಧಗಳಿಗೂ ಅಷ್ಟು ಆಳ ಯಥೇಷ್ಟ. ಹೊರಕ್ಕೆ ತೆರೆದು ದಾರಿಗಡ್ಡವಾಗುವ ಕದಗಳಿಗಿಂತ ಜಾರುಬಾಗಿಲೇ ಇಲ್ಲಿ ಶ್ರೇಯಸ್ಕರ. ಕೊಡೆ, ಕೈಚೀಲಗಳಿಗೆ ಗೋಡೆಯ ಗೂಟಗಳೇ ಸಾಕು.

ಒಂದೆರಡು ಎಚ್ಚರಿಕೆಗಳು: ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ವಿದ್ಯುತ್ ತಂತಿ ಹಾದಿರುವ ಸಂಭವವುಂಟಾದುದರಿಂದ ಅಲ್ಲಿ ಡ್ರಿಲ್ ಮಾಡಬಾರದು; ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಧಾರಣ ಮೊಳೆ ಭಾರವನ್ನು ತಾಳಲಾರದಾದುದರಿಂದ, ಅದಕ್ಕೊಪ್ಪುವ ಆಂಕರುಗಳನ್ನೇ ಬಳಸಬೇಕು.

ಬಡಗಿಯನ್ನು ಕರೆಸುವ ಮುನ್ನ, ಕಪಾಟಿನ ಆಳವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಎರಡು ದಿನ ಆ ಗೆರೆಯನ್ನು ದಾಟದೆ ನಡೆದು ನೋಡಿರಿ.