ಕೊಂಡ ಚಕ್ರವೋ, ಕಟ್ಟಿದ ಚಕ್ರವೋ?

ಸುಮಾರು ಎರಡೂವರೆ ನಿಮಿಷದ ಆಟ. ಕಾರ್ಪೆಟ್ ಹಾಸಿದ ಅಂಕಣದಲ್ಲಿ ಮೂರು ಮೂರರ ಎರಡು ಬಣಗಳಾಗಿ ಆರು ರೋಬೋಟುಗಳು ನುಗ್ಗುತ್ತವೆ, ಒಂದನ್ನೊಂದು ತಳ್ಳುತ್ತವೆ. ಹೈಸ್ಕೂಲು ಮಕ್ಕಳ ಈ ಫಸ್ಟ್ ರೋಬಾಟಿಕ್ಸ್ ಸ್ಪರ್ಧೆ 1992ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಶಾಲೆಯೊಂದರ ಜಿಮ್‌ನಲ್ಲಿ ಶುರುವಾಗಿ ಈಗ ಹಲವು ದೇಶಗಳಿಗೆ ಹರಡಿದೆ. ವರ್ಷಕ್ಕೊಂದು ಹೊಸ ಆಟ. ಜನವರಿಯಲ್ಲಿ ನಿಯಮ ಹೊರಬಿದ್ದ ಮೇಲೆ ಕೆಲವೇ ವಾರಗಳಲ್ಲಿ ಯಂತ್ರ ಸಿದ್ಧವಾಗಬೇಕು. ಅದರ ತೋಳು ಎಷ್ಟೇ ಚುರುಕಾಗಿರಲಿ, ಕಾಲೇ ಕೈಕೊಟ್ಟರೆ ಏನು ಮಾಡುವುದು? ಹಾಗಾಗಿ ತಂಡಗಳಲ್ಲಿ ಮೊದಲ ಜಗಳ ಡ್ರೈವ್‌ಟ್ರೇನ್‌ನದೇ. ಮೋಟರ್, ಗೇರ್, ಚಕ್ರ, ಚೌಕಟ್ಟು ಎಲ್ಲ ಸೇರಿದ ಓಡುವ ಭಾಗ ಅದು.

ಕೊಂಡು ತರುವ ಸಿದ್ಧ ಚಾಸಿ, ಅಂದರೆ ಚಕ್ರ ಕೂರುವ ಚೌಕಟ್ಟು, ಸೋಮಾರಿಗಳ ದಾರಿ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಸಂಘಟಕರು ತಂಡಗಳಿಗೆ ಕೊಡುವ ಬಿಡಿಭಾಗಗಳ ಕಿಟ್‌ನಲ್ಲಿ ವರ್ಷಗಳ ಕಾಲ ಬಂದ ಆ್ಯಂಡಿಮಾರ್ಕ್ ಕಂಪನಿಯ ಆರು ಚಕ್ರದ ಚಾಸಿಯನ್ನೇ ನೋಡಿ. ಅದರ ನಡುವಿನ ಜೋಡಿ ಚಕ್ರ ಕೆಲವೇ ಮಿಲಿಮೀಟರ್ ಕೆಳಗಿರುತ್ತದೆ. ಆರೂ ಚಕ್ರ ಒಟ್ಟಿಗೆ ಊರಿದರೆ ತಿರುಗುವಾಗ ತುದಿಯ ಚಕ್ರಗಳು ಪಕ್ಕಕ್ಕೆ ಉಜ್ಜಿ ಮೋಟರಿಗೆ ಭಾರವಾಗುತ್ತದೆ. ನಡುವಿನದು ತಗ್ಗಿದ್ದರೆ ಯಾವ ಹೊತ್ತಿಗೂ ನಾಲ್ಕೇ ಊರುವುದರಿಂದ ಯಂತ್ರ ಸಲೀಸಾಗಿ ಹೊರಳುತ್ತದೆ. ಬೋಲ್ಟ್ ಬಿಗಿಯುವ ಹುಡುಗಿ ‘ಇದ್ಯಾಕೆ ತಗ್ಗಾಗಿದೆ?’ ಎಂದು ಕೇಳಿದರೆ ಅಲ್ಲೇ ಒಂದು ಪಾಠ.

ಟೆಕ್ಸಸ್‌ನ ರೋಬೋನಾಟ್ಸ್ ಬಲಿಷ್ಠ ತಂಡ; ಅದರ ನೆರವಿಗೆ ನಾಸಾ ಇದೆ. ಆದರೂ ಹೊಸ ತಂಡಗಳಿಗಾಗಿ ಅದು ಕಿಟ್ ಚಾಸಿಯ ಮೇಲೇ ‘ಎವ್ರಿಬಾಟ್’ ಎಂಬ ಸರಳ ರೋಬೋಟ್ ಕಟ್ಟಿ, ನಕ್ಷೆಯನ್ನು ಪುಕ್ಕಟೆಯಾಗಿ ಹಂಚುತ್ತದೆ.

ಈಗಿನ ಬಿಸಿ ಚರ್ಚೆ ಸ್ವರ್ವ್ ಎಂಬ ಡ್ರೈವ್‌ಟ್ರೇನ್ ಬಗ್ಗೆ. ಇದರಲ್ಲಿ ಪ್ರತಿ ಚಕ್ರಕ್ಕೂ ಎರಡು ಮೋಟರು: ಒಂದು ಉರುಳಿಸಲು, ಇನ್ನೊಂದು ದಿಕ್ಕು ತಿರುಗಿಸಲು. ಮೂತಿ ಎತ್ತಲಿದ್ದರೂ ರೋಬೋಟ್ ಬೇಕಾದ ಕಡೆಗೆ ಜಾರುತ್ತದೆ. ಹಿಂದೆ ಒಳ್ಳೆಯ ಯಂತ್ರಶಾಲೆಯಿದ್ದ ತಂಡಗಳ ಸೊತ್ತಾಗಿದ್ದ ಇದು ಈಗ ಎಂಕೆ4ಐ, ಮ್ಯಾಕ್ಸ್‌ಸ್ವರ್ವ್ ಎಂಬ ಹೆಸರುಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಚಕ್ರಕ್ಕೊಂದರಂತೆ ನಾಲ್ಕು ಮಾಡ್ಯೂಲ್, ಎಂಟು ಮೋಟರ್ ಎಂದರೆ ಕೆಲವು ಸಾವಿರ ಡಾಲರ್. ಸಣ್ಣ ಶಾಲೆಗೆ ಇದು ತಮಾಷೆಯ ಮಾತಲ್ಲ.

ಕೊಂಡರೆ ಕಲಿಕೆ ಹೋಯಿತು ಎನ್ನುವವರ ಮಾತು ಅರ್ಧ ನಿಜ. ಬೇರಿಂಗಿನ ತೂತು ಕೂದಲೆಳೆಯಷ್ಟು ತಪ್ಪಿದರೂ ಗೇರ್ ಕಿರುಗುಟ್ಟುತ್ತದೆ ಎಂಬ ಅರಿವು ಪೆಟ್ಟಿಗೆ ಬಿಚ್ಚಿದರೆ ಬರುವುದಿಲ್ಲ. ಆದರೆ ಕೊಂಡ ಸ್ವರ್ವ್ ಕೂಡ ತಾನಾಗಿ ಓಡದು. ಪ್ರತಿ ಚಕ್ರ ನೇರವಾಗಿ ನಿಲ್ಲುವ ಬಿಂದುವನ್ನು ಕೋನ ಅಳೆಯುವ ಎನ್‌ಕೋಡರಿಗೆ ಗುರುತಿಸಿಕೊಡಬೇಕು; ಒಂದು ತಪ್ಪಿದರೂ ನಾಲ್ಕು ಚಕ್ರಗಳು ತಮ್ಮತಮ್ಮಲ್ಲೇ ಎಳೆದಾಡುತ್ತವೆ. ಬೆವರು ಲೇತ್ ಯಂತ್ರದಿಂದ ಲ್ಯಾಪ್‌ಟಾಪಿಗೆ ಜಾಗ ಬದಲಿಸಿತು, ಅಷ್ಟೇ.

ಆಟದ ನೆಲ ನೋಡದೆ ವಾದಿಸುವುದು ವ್ಯರ್ಥ. 2009ರಲ್ಲಿ ಅಂಕಣ ಜಾರುನೆಲವಾಗಿತ್ತು, ಎಲ್ಲರಿಗೂ ಒಂದೇ ಬಗೆಯ ಚಕ್ರ ಕಡ್ಡಾಯ. ಚಕ್ರದ ಜಾಣ್ಮೆಗೆ ಎಡೆಯೇ ಇರಲಿಲ್ಲ. 2016ರಲ್ಲಿ ಕಂದಕ, ಕಲ್ಲುಗೋಡೆಯಂಥ ಅಡ್ಡಿಗಳನ್ನು ಹತ್ತಿಳಿಯಬೇಕಿತ್ತು. ಸ್ವಂತ ಚೌಕಟ್ಟು ಕಟ್ಟಲು ಆಗ ತಕ್ಕ ಕಾರಣವಿತ್ತು, ಆದರೆ ಟ್ಯಾಂಕಿನಂಥ ಪಟ್ಟಿಗಳೂ ಮಾರಾಟಕ್ಕಿದ್ದವು. ಅಂಥ ಕಾರಣವಿಲ್ಲದ ವರ್ಷ ಮೊದಲ ವಾರದಲ್ಲೇ ಓಡುವ ಚಾಸಿ ಕೈಯಲ್ಲಿದ್ದರೆ ಚಾಲಕರಿಗೆ ಅಭ್ಯಾಸಕ್ಕೆ ದಿನಗಳು ಸಿಗುತ್ತವೆ. ಸ್ವಂತ ಡ್ರೈವ್‌ಟ್ರೇನ್‌ನ ಆಸೆಯಿರುವ ತಂಡಕ್ಕೆ ಬೇಸಿಗೆ ರಜೆಯಿದೆ. ಅದನ್ನು ಕಟ್ಟಿ, ಮುರಿದು, ತಿದ್ದಲು ಆಗ ಯಾವ ಗಡುವೂ ಇರುವುದಿಲ್ಲ.