ನಾಲ್ಕನೇ ತರಗತಿಗೂ ಚಿತ್ರ ಬೇಕು

ಬೆಂಗಳೂರಿನ ದೊಡ್ಡನೆಕ್ಕುಂದಿಯ ಮಗುವಿಗೆ ಹೇಳುವ ವಿಷಯಕ್ಕೆ ಬರವಿಲ್ಲ. ಎಚ್‌ಎಎಲ್‌ನಿಂದ ಮೇಲೆದ್ದ ವಿಮಾನ, ಹೊರವರ್ತುಲ ರಸ್ತೆಯ ಮೆಟ್ರೊ ಕಂಬ, ಊರ ಕೆರೆ, ಅಪ್ಪ ಗಾರೆ ಕೆಲಸಕ್ಕೆ ಹೋಗುವ ಕಟ್ಟಡ ಎಲ್ಲವನ್ನೂ ಅದು ಕಂಡಿದೆ, ಬಾಯಿತುಂಬ ಹೇಳುತ್ತದೆ. ಬರೆ ಎಂದರೆ ಮಾತ್ರ ‘ನಮ್ಮ ಊರು ಚೆನ್ನಾಗಿದೆ’ ಎಂಬಲ್ಲಿಗೆ ಪೆನ್ಸಿಲ್ ನಿಂತುಬಿಡುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಕೈಯಲ್ಲಿ ಅಕ್ಷರ ಮೂಡಿಸುವುದಕ್ಕೂ ಮನಸ್ಸಿನಲ್ಲಿ ವಾಕ್ಯ ಹೊಂದಿಸುವುದಕ್ಕೂ ಒಂದೇ ಕಾರ್ಯಸ್ಮರಣೆ, ಅಂದರೆ ಕೆಲಸದ ಹೊತ್ತಿಗೆ ವಿಷಯ ಹಿಡಿದಿಡುವ ನೆನಪು, ದುಡಿಯಬೇಕು ಎಂದು ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಬರ್ನಿಂಜರ್ ವಿವರಿಸಿದ್ದಾರೆ. ಅದರಲ್ಲಿ ಜಾಗ ಬಹಳ ಕಡಿಮೆ. ‘ಕಟ್ಟಡ’ದ ಒತ್ತಕ್ಷರ ನೆನಪಿಸಿಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯ ಜಾರಿಹೋಗಿರುತ್ತದೆ. ಕನ್ನಡದಲ್ಲಂತೂ ಈ ಹೊರೆ ಬೇಗ ಇಳಿಯುವುದಿಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಸೊನಾಲಿ ನಾಗ್ ಕನ್ನಡ ಓದುವ ಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಕೆ ಮುಗಿದಿರುವುದಿಲ್ಲ.

ಚಿತ್ರ ನೆರವಾಗುವುದು ಇಲ್ಲೇ. ಮೊದಲು ಬಿಡಿಸಿಕೊಂಡರೆ ಕಥೆ ಕಾಗದದ ಮೇಲೆ ಕುಳಿತಿರುತ್ತದೆ, ಮಗು ಅದನ್ನು ತಲೆಯಲ್ಲಿ ಹೊತ್ತುಕೊಂಡಿರಬೇಕಿಲ್ಲ. ಆಟ, ಚಿತ್ರ, ಬರವಣಿಗೆ ಮೂರೂ ಒಂದೇ ಬೆಳವಣಿಗೆಯ ಹಂತಗಳೆಂದು ರಷ್ಯಾದ ವೈಗೋಟ್‌ಸ್ಕಿ ಹಿಂದೆಯೇ ಹೇಳಿದ್ದರು. ಬ್ಲೇನ್ ಮೂರ್ ಮತ್ತು ಹೆಲೆನ್ ಕಾಲ್ಡ್‌ವೆಲ್ ಎರಡು, ಮೂರನೇ ತರಗತಿಯ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಬರೆಯುವ ಮೊದಲು ಕೆಲವರು ಚಿತ್ರ ಬಿಡಿಸಿದರು, ಕೆಲವರು ನಾಟಕವಾಡಿದರು, ಉಳಿದವರು ಬರೀ ಚರ್ಚಿಸಿದರು. ಚರ್ಚಿಸಿದವರಿಗಿಂತ ಮೊದಲ ಎರಡು ಗುಂಪಿನವರ ಕಥೆಗಳೇ ಚೆನ್ನಾಗಿದ್ದವು.

ಬಿಡಿಸಿದ ಚಿತ್ರದಂತೆ ಸಿನಿಮಾವೂ ಬರವಣಿಗೆಗೆ ನೆರವಾಗುತ್ತದೆ, ಆದರೆ ಅದು ಕಲಿಸುವುದು ಇನ್ನೊಂದನ್ನು: ಯಾವುದರ ನಂತರ ಯಾವುದು, ಏಕೆ. ಆಲ್ಬರ್ಟ್ ಲಮೊರಿಸ್ 1956ರಲ್ಲಿ ತೆಗೆದ ಫ್ರೆಂಚ್ ಕಿರುಚಿತ್ರ ‘ದಿ ರೆಡ್ ಬಲೂನ್’ನಲ್ಲಿ ಮಾತೇ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಅದಕ್ಕೆ ಆಸ್ಕರ್ ಬಂದದ್ದು ಚಿತ್ರಕಥೆಗೆ! ಮನೆಯಲ್ಲಿ ತೆಲುಗು, ತಮಿಳು, ಹಿಂದಿ, ಕಲಬುರಗಿಯ ಕನ್ನಡ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಹೊರವಲಯದ ಶಾಲೆಗಳಿಗೆ ಇಂಥ ಚಿತ್ರ ವರ. ನಡುವೆ ನಿಲ್ಲಿಸಿ ‘ಈಗ ಏನಾಗಬಹುದು?’ ಎಂದು ಕೇಳಿದರೆ ಸಾಕು, ವಾಕ್ಯ ಹುಟ್ಟುತ್ತದೆ. ಕನ್ನಡದ್ದೇ ಬೇಕೆಂದರೆ ಅಭಯ ಸಿಂಹರ ‘ಗುಬ್ಬಚ್ಚಿಗಳು’ ಇದೆ. ನಗರದಲ್ಲಿ ಗುಬ್ಬಚ್ಚಿ ಹುಡುಕುವ ಮಕ್ಕಳ ಕಥೆ ಇಲ್ಲಿಯ ಮಕ್ಕಳಿಗೆ ದೂರದ್ದಲ್ಲ.

ಚಿತ್ರದ ಮೂಲಕ ಕಲಿಸುವುದು ನಮ್ಮ ಸರ್ಕಾರಿ ಶಾಲೆಗೆ ಹೊಸತಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಚಿತ್ರದ ಕಾರ್ಡುಗಳಿವೆ, ಮಕ್ಕಳ ಕೈಗೆಟುಕುವ ಕಪ್ಪುಹಲಗೆ ಇದೆ, ಅವರೇ ಬಿಡಿಸಿದ್ದನ್ನು ತೂಗುಹಾಕುವ ಚಪ್ಪರವಿದೆ. ಆದರೆ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಒತ್ತಕ್ಷರಗಳ ಜೊತೆ ಮಗು ಇನ್ನೂ ಗುದ್ದಾಡುತ್ತಿರುವಾಗಲೇ ಚಿತ್ರ ಕೈಬಿಟ್ಟುಹೋಗುತ್ತದೆ, ಪ್ರಬಂಧ ಬರೆಯುವ ಕೆಲಸ ಬಂದು ಕೂರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಎರಡು ವರ್ಷ ಮುಂಚಿತ.

ನಾಲ್ಕು, ಐದನೇ ತರಗತಿಯ ಮೇಷ್ಟ್ರುಗಳಲ್ಲಿ, ಮಿಸ್‌ಗಳಲ್ಲಿ ಒಂದು ಕೋರಿಕೆ. ಪ್ರಬಂಧದ ಪುಟದ ಮೇಲರ್ಧವನ್ನು ಚಿತ್ರಕ್ಕೆ ಬಿಡಿ. ಬಿಡಿಸಿದ್ದನ್ನು ತೋರಿಸಿ ‘ಇವರು ಯಾರು, ಎಲ್ಲಿಗೆ ಹೊರಟಿದ್ದಾರೆ?’ ಎಂದು ಕೇಳಿ, ಆಮೇಲೆ ಕೆಳಗರ್ಧದಲ್ಲಿ ಬರೆಸಿ. ಕೆಂಪು ಪೆನ್ನಿನ ತಿದ್ದುವಿಕೆ ಮರುದಿನಕ್ಕಿರಲಿ.