ಸರ್ವರ್‌ಗಳಿಗೆ ಹೊರಗಾಳಿಯ ತಂಪು

ಚಾಲನೆಯಲ್ಲಿರುವ ಕಂಪ್ಯೂಟರಿನ ಹಿಂಬದಿಗೆ ಕೈ ಹಿಡಿದು ನೋಡಿ. ಬಿಸಿಗಾಳಿ ತಾಗುತ್ತದೆ. ಕಂಪ್ಯೂಟರ್ ಬಳಸುವ ವಿದ್ಯುಚ್ಛಕ್ತಿ ಬಹುಮಟ್ಟಿಗೆ ಉಷ್ಣವಾಗಿಯೇ ಹೊರಬೀಳುತ್ತದೆ. ಸಾವಿರಾರು ಸರ್ವರ್‌ಗಳಿರುವ ದತ್ತಾಂಶ ಕೇಂದ್ರದಲ್ಲಿ ಈ ಉಷ್ಣವನ್ನು ಹೊರಹಾಕಲು ಹವಾನಿಯಂತ್ರಣ ಯಂತ್ರಗಳು ಹಗಲಿರುಳು ದುಡಿಯುತ್ತವೆ. ಹೊರಗೆ ತಂಪಾಗಿರುವಾಗಲೂ ಅವು ಬೇಕೆ?

ಒಂದು ಲೆಕ್ಕ ಮಾಡೋಣ. 1 ಕಿಲೋವಾಟ್ ಉಷ್ಣವನ್ನು ಗಾಳಿ ಒಯ್ಯಬೇಕು, ಆಗ ಅದರ ತಾಪ 10° ಸೆ. ಏರುತ್ತದೆ ಎಂದಿಟ್ಟುಕೊಳ್ಳಿ. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ ಸುಮಾರು 1000 ಜೂಲ್. ಆದ್ದರಿಂದ ಸೆಕೆಂಡಿಗೆ 0.1 ಕಿಲೋಗ್ರಾಂ, ಎಂದರೆ ಸಮುದ್ರಮಟ್ಟದಲ್ಲಿ ಸುಮಾರು 83 ಲೀಟರ್ ಗಾಳಿ ಸಾಕು. ಹೊರಗಾಳಿ 25° ಇದ್ದರೆ, ಸರ್ವರ್ ಹಾಯ್ದು 35° ಆಗಿ ಹೊರಹೋಗುತ್ತದೆ. ಇಲ್ಲಿ ಉಷ್ಣ ಬಿಸಿಯಿಂದ ತಂಪಿನ ಕಡೆಗೆ ತಾನಾಗಿಯೇ ಹರಿಯುತ್ತದೆ. ಅದನ್ನು ವಿರುದ್ಧ ದಿಕ್ಕಿಗೆ ಎತ್ತುವ ಸಂಪೀಡಕ (ಕಂಪ್ರೆಸರ್) ಬೇಡ. ಗಾಳಿ ನೂಕುವ ಫ್ಯಾನ್ ಸಾಕು.

ಆದರೆ ದೂಳು, ತೇವ, ತಾಪದ ಏರಿಳಿತಗಳನ್ನು ಸರ್ವರ್ ತಾಳೀತೆ? ಇಂಟೆಲ್ ಸಂಸ್ಥೆ ಇದನ್ನು ಪರೀಕ್ಷಿಸಿತು. ಅಮೆರಿಕದ ಒಣ ಹವೆಯ ನ್ಯೂ ಮೆಕ್ಸಿಕೋದಲ್ಲಿ 2007ರ ಅಕ್ಟೋಬರಿನಿಂದ 10 ತಿಂಗಳ ಕಾಲ ಎರಡು ಕೋಣೆಗಳಲ್ಲಿ ತಲಾ 448 ಸರ್ವರ್‌ಗಳನ್ನು ದುಡಿಸಿತು. ಒಂದಕ್ಕೆ ಎಂದಿನ ಹವಾನಿಯಂತ್ರಣ. ಇನ್ನೊಂದಕ್ಕೆ, ಸುಮಾರು 32° ಸೆ. ವರೆಗೂ, ಸಾಧಾರಣ ಸೋಸುಕವನ್ನು ಹಾಯ್ದ ಹೊರಗಾಳಿ. ಅಲ್ಲಿ ತೇವದ ನಿಯಂತ್ರಣವಿರಲಿಲ್ಲ; ಸರ್ವರ್‌ಗಳ ಮೇಲೆ ದೂಳು ಕುಳಿತಿತು.

ಫಲಿತಾಂಶವೇನು? ಕೆಟ್ಟುಹೋದ ಪ್ರಮಾಣ ತಂಪು ಕೋಣೆಯಲ್ಲಿ ಶೇ. 2.45, ಹೊರಗಾಳಿಯ ಕೋಣೆಯಲ್ಲಿ ಶೇ. 4.46. ಹೆಚ್ಚುಕಡಿಮೆ ಇಮ್ಮಡಿ! ಆದರೆ ಅವಸರದ ತೀರ್ಮಾನ ಬೇಡ. ಎಣಿಕೆಯಲ್ಲಿ ಇವು 11 ಮತ್ತು 20. ಇಂತಹ ಎಣಿಕೆಗಳಲ್ಲಿ ಆಕಸ್ಮಿಕ ಏರಿಳಿತ ವರ್ಗಮೂಲದಷ್ಟಿರುತ್ತದೆ. ವ್ಯತ್ಯಾಸ 9, ಅದರ ಅನಿಶ್ಚಿತತೆ 31ರ ವರ್ಗಮೂಲ, ಸುಮಾರು 5.6. ವ್ಯತ್ಯಾಸವು ಅನಿಶ್ಚಿತತೆಯ ಎರಡರಷ್ಟೂ ಇಲ್ಲ. ಮೇಲಾಗಿ, ಅದೇ ಸ್ಥಳದ ಮುಖ್ಯ ಕೇಂದ್ರದಲ್ಲಿಯೇ ಈ ಪ್ರಮಾಣ ಶೇ. 3.83 ಇತ್ತು. ದೂಳು ನಿರಪಾಯ ಎಂದಾಗಲೀ ಮಾರಕ ಎಂದಾಗಲೀ ಈ ಪ್ರಯೋಗ ಸಾಧಿಸಲಿಲ್ಲ. ಆದರೆ ತಂಪುಗೊಳಿಸುವ ವಿದ್ಯುತ್ತಿನಲ್ಲಿ ವರ್ಷಕ್ಕೆ ಶೇ. 67ರಷ್ಟು ಉಳಿತಾಯ ಸಾಧ್ಯವೆಂದು ಅಂದಾಜಿಸಲಾಯಿತು.

ಈ ಫಲಿತಾಂಶ ಒಣ ನಾಡಿನದು ಎಂಬುದನ್ನು ಮರೆಯಬಾರದು. ಮಂಗಳೂರಿನಂತಹ ಕರಾವಳಿಯಲ್ಲಿ ಲವಣಾಂಶದ ತೇವಗಾಳಿ ಲೋಹವನ್ನು ತಿನ್ನುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ. ಹಾಗಾದರೆ ನಮ್ಮ 83 ಲೀಟರ್ ಎಷ್ಟಾಗಬೇಕು? ನಿಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕ ಕೊಟ್ಟು ನೋಡಿ.